ನಮ್ಮ ಸಂಘಕ್ಕೆ ಈಗ ಎಷ್ಟು ವರ್ಷ?

ಊರಿನ ಸಂಘ ಸುವರ್ಣ ಮಹೋತ್ಸವಕ್ಕೆ ಹೊರಟಿತು ಅಂದರೆ ಮೊದಲ ವಾದ ವಯಸ್ಸಿನದೇ. ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಮೊದಲ ಸಲ ಸೇರಿದ ದಿನದಿಂದ ಎಣಿಸುತ್ತಾರೆ. ಕಾರ್ಯದರ್ಶಿ ನೋಂದಣಿ ಪತ್ರ ತೋರಿಸುತ್ತಾರೆ. ನಡುವೆ ಐದಾರು ವರ್ಷ ವ್ಯತ್ಯಾಸ. ಎರಡೂ ಸುಳ್ಳಲ್ಲ.

ಕೆಲವು ಸಂಘಗಳಿಗೆ ಈ ತೊಂದರೆ ಇಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರ ಜುಲೈ 20ಕ್ಕೆ. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮರಾಠಿಯ ಪ್ರಭಾವ ಜಾಸ್ತಿ ಇತ್ತು. ಕನ್ನಡದಲ್ಲಿ ಪುಸ್ತಕ ಬರಲಿ, ಓದುವವರು ಹೆಚ್ಚಲಿ ಅಂತ ರಾ. ಹ. ದೇಶಪಾಂಡೆಯವರು ಗೆಳೆಯರನ್ನು ಕೂಡಿಸಿದರು. 1896ರಲ್ಲಿ 'ವಾಗ್ಭೂಷಣ' ಪತ್ರಿಕೆ ಬಂತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಶುರುವಾಯಿತು. ಆಮೇಲೆ ವಾಚನಾಲಯ, ಭಜನಾ ಮಂಡಳಿ, ನಾಟಕ ಸಂಘ, ಯುವಕ ಮಂಡಲಗಳು ಊರೂರಲ್ಲಿ ಹುಟ್ಟಿದವು. 1949ರಲ್ಲಿ ಹೆಗ್ಗೋಡಿನಂಥ ಪುಟ್ಟ ಊರಲ್ಲಿ ನೀನಾಸಂ ಅನ್ನುವ ನಾಟಕ ಸಂಘ ಕಣ್ಣುಬಿಟ್ಟಿತು.

ಗೋಜಲು ಇರುವುದು ಕಾಗದದಲ್ಲಿ. ಸಂಘಗಳ ನೋಂದಣಿಗೆ ಧಾರವಾಡದ ಕಡೆ 1860ರ ಕಾಯ್ದೆ, ಹಳೆ ಮೈಸೂರಿನಲ್ಲಿ 1904ರದು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಅಂತ 1960ರ ಕಾಯ್ದೆ ಬಂತು. ಸಣ್ಣ ಸಂಘಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅನುದಾನ ಕೇಳಬೇಕಾದಾಗ, ಜಾಗ ಬರೆಸಿಕೊಳ್ಳಬೇಕಾದಾಗ ನೋಂದಣಿ ಮಾಡಿಸಿದರು. ಹಾಗಾಗಿ ಒಂದೇ ಸಂಘಕ್ಕೆ ಎರಡು ಹುಟ್ಟುಹಬ್ಬ! ಪ್ರತಿ ವರ್ಷ ಸಭೆ ನಡೆಸಿ ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕು ಅನ್ನುವುದು ಎಷ್ಟೋ ಕಡೆ ನೆನಪಾಗುವುದು ಮಹೋತ್ಸವ ಹತ್ತಿರ ಬಂದಾಗಲೇ.

ಈ ಜಗಳ ಬಿಡಿಸಬಲ್ಲದ್ದು ಸಭೆಗಳ ನಡಾವಳಿ ಪುಸ್ತಕ ಒಂದೇ. ಅದು ಸಾಮಾನ್ಯವಾಗಿ ಕಾರ್ಯದರ್ಶಿಯ ಮನೆಯಲ್ಲಿರುತ್ತದೆ. ಕಾರ್ಯದರ್ಶಿ ಬದಲಾಗುತ್ತಾರೆ, ಪುಸ್ತಕ ಅಲ್ಲೇ ಉಳಿಯುತ್ತದೆ. ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡಿದ ದಿನ ರದ್ದಿಗೆ ಹೋಗುತ್ತದೆ. ಸ್ಮರಣ ಸಂಚಿಕೆಯ ಕೆಲಸಕ್ಕೆ ಕೂತಾಗ ನಮ್ಮ ಕೈಗೆ ಅಂಥದ್ದೊಂದು ಉಳಿದು ಸಿಕ್ಕಿತು. ಅಂಚು ಹುಳ ತಿಂದಿತ್ತು, ಶಾಯಿ ಕಂದಾಗಿತ್ತು. ಪೆಟ್ರೋಮ್ಯಾಕ್ಸ್ ಬಾಡಿಗೆ, ಜಮಖಾನ ತಂದ ಗಾಡಿಯ ಖರ್ಚು, ವಂತಿಗೆ ಬಾಕಿ ಇಟ್ಟವರ ಹೆಸರು ಎಲ್ಲ ಇತ್ತು. ಅದರ ಒಂದು ಪುಟದಲ್ಲಿ ಇದ್ದಷ್ಟು ಊರು ನಾವು ಅಚ್ಚು ಹಾಕಿಸಿದ ಶುಭಾಶಯ ಸಂದೇಶಗಳಲ್ಲಿ ಇರಲಿಲ್ಲ.

ಶಾಮಿಯಾನ, ಶಾಲು, ಹಾರಕ್ಕೆ ದುಡ್ಡು ಹೇಗೋ ಹೊಂದುತ್ತದೆ. ಹಳೆ ಪುಸ್ತಕ ಸ್ಕ್ಯಾನ್ ಮಾಡಿಸುವ ಮಾತು ಮುಂದಿನ ಸಭೆಗೆ ಹೋಗುತ್ತದೆ. ಅತಿಥಿಗಳು ಬರುವ ದಿನ ಗೊತ್ತಾಗಿರುತ್ತದಲ್ವಾ, ಸಮಾರಂಭದ ತಯಾರಿಯೇ ಮೊದಲು ಆಗಬೇಕು.

ಪುಸ್ತಕದ ನಡುವೆ ಒಂದು ಫೋಟೊ ಇತ್ತು. ನಾಟಕದ ವೇಷದಲ್ಲಿ ಹನ್ನೊಂದು ಜನ, ಕೆಳಗೆ ಹೆಸರಿಲ್ಲ. ಊರಿನ ಅಜ್ಜಿಯೊಬ್ಬರ ಹತ್ತಿರ ಒಯ್ದೆವು. ಅವರು ಬೆರಳಿಟ್ಟು ಹೇಳುತ್ತಾ ಹೋದರು, ನಾವು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದುಕೊಂಡೆವು. ಎಂಟು ಹೆಸರು ಸಿಕ್ಕಿತು.