ಫ್ಯೂಸ್ ಹಾಕಿದ್ದೀನಿ ಅಂದ್ರೆ ಸಾಲದು

ಸೋಲಾರ್ ಪ್ಯಾನೆಲ್‌ನಿಂದ ಎರಡು ತಂತಿ ಎಳೆದು ಹೀಟರಿಗೆ ಕೊಡಿ. ಅದರ ಮೇಲೆ ಪಾತ್ರೆ ಇಟ್ಟು, ಸುತ್ತ ದಪ್ಪಗೆ ಗಾಜಿನ ಉಣ್ಣೆ ತುಂಬಿ. ಒಲೆ ಸಿದ್ಧ. ಬ್ಯಾಟರಿ ಬೇಡ, ಇನ್ವರ್ಟರ್ ಬೇಡ. ಇಂಥ ಕುಕ್ಕರನ್ನು ಕೈಯಾರೆ ಮಾಡಿಕೊಂಡವರನ್ನು "ಜಾಸ್ತಿ ಬಿಸಿಯಾದರೆ ಏನು ಗತಿ?" ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. "ಫ್ಯೂಸ್ ಹಾಕಿದ್ದೀನಲ್ಲ." ಇಲ್ಲವೇ, "ಬರೀ ಹದಿನೆಂಟು ವೋಲ್ಟು, ಮುಟ್ಟಿದರೂ ಶಾಕ್ ಹೊಡೆಯಲ್ಲ." ಎರಡರಲ್ಲಿ ಯಾವುದನ್ನು ಕೇಳಿದರೂ ನನಗೆ ಕಸಿವಿಸಿ.

ಶಾಕ್ ಬೇರೆ, ಬೆಂಕಿ ಬೇರೆ. ವೋಲ್ಟ್ ಎಷ್ಟೇ ಇರಲಿ, 100 ವಾಟ್ ಅಂದರೆ 100 ವಾಟೇ. ಪಾತ್ರೆಯಲ್ಲಿ ನೀರು ಇರುವ ತನಕ ಭಯವಿಲ್ಲ. ನೀರು 100 ಡಿಗ್ರಿ ದಾಟದೆ ಕುದಿಯುತ್ತಾ ಕೂರುತ್ತದೆ, ಗಂಟೆಗೆ ಸುಮಾರು 160 ಗ್ರಾಂ ಆವಿಯಾಗುತ್ತದೆ. ನೀರು ಮುಗಿಯಿತು ಅನ್ನಿ. ಆಮೇಲೆ ಬಂದ ಶಾಖವೆಲ್ಲ ಪಾತ್ರೆಗೇ. ಒಂದು ಕಿಲೋ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು 900 ಜೂಲ್ ಸಾಕು. ಹಾಗಾಗಿ 100ರಿಂದ 240 ಡಿಗ್ರಿಗೆ ಹೋಗಲು 21 ನಿಮಿಷ. ಒಂದಿಷ್ಟು ಶಾಖ ಸೋರಿ ಹೋಗಿ ಸ್ವಲ್ಪ ತಡವಾಗಬಹುದು. ಆದರೆ ಸೋರಬಾರದು ಅಂತಲೇ ಅಲ್ವಾ ನೀವು ಅಷ್ಟು ದಪ್ಪ ಹೊದಿಕೆ ಹಾಕಿದ್ದು? ಈ ದಾರಿಯಲ್ಲಿ ಮೊದಲು ಥರ್ಮೋಕೋಲ್ ಕುಸಿಯುತ್ತದೆ, ಆಮೇಲೆ ಪಿವಿಸಿ ತಂತಿಯ ಸಿಪ್ಪೆ ಮೆತ್ತಗಾಗುತ್ತದೆ. 183 ಡಿಗ್ರಿಗೆ ತವರ-ಸೀಸದ ಬೆಸುಗೆ ಕರಗಲು ಶುರು.

ಇಷ್ಟೆಲ್ಲ ಆಗುವಾಗ ನಿಮ್ಮ ಮಾಮೂಲಿ ಫ್ಯೂಸ್ ಏನು ಮಾಡುತ್ತಿರುತ್ತದೆ? ತಣ್ಣಗೆ ಕೂತಿರುತ್ತದೆ. ಅದು ನೋಡುವುದು ಕರೆಂಟನ್ನು, ಬಿಸಿಯನ್ನಲ್ಲ. ಪಾತ್ರೆ 60 ಡಿಗ್ರಿ ಇದ್ದಾಗ ಎಷ್ಟು ಆಂಪ್ ಹರಿಯುತ್ತಿತ್ತೋ 240 ಇದ್ದಾಗಲೂ ಹೆಚ್ಚುಕಮ್ಮಿ ಅಷ್ಟೇ. ಶಾರ್ಟ್ ಆದರೂ ಕಥೆ ಅದೇ. 36 ಸೆಲ್‌ಗಳ 100 ವಾಟ್ ಪ್ಯಾನೆಲ್ ಕೆಲಸ ಮಾಡುವಾಗ ಐದೂವರೆ ಆಂಪ್ ಕೊಡುತ್ತದೆ. ಎರಡೂ ತಂತಿ ಸೇರಿಸಿ ಶಾರ್ಟ್ ಮಾಡಿದರೆ ಆರರ ಆಸುಪಾಸು, ಅಷ್ಟೇ. 10 ಆಂಪ್ ಫ್ಯೂಸ್ ಹಾಕಿದವರು ಅದು ಹಾರಲಿ ಅಂತ ಎಷ್ಟು ಕಾದರೂ ಹಾರುವುದಿಲ್ಲ. ನಡುವೆ ಬ್ಯಾಟರಿ ಇದ್ದರೆ ಮಾತು ಬೇರೆ, ಅಲ್ಲಿ ಫ್ಯೂಸ್ ಇರಲೇಬೇಕು.

ಹಾಗಾದರೆ ಬಿಸಿಯನ್ನೇ ನೋಡುವ ಕಾವಲುಗಾರ ಬೇಕು. ಇದು ಹಳೇ ಐಡಿಯಾ. 1803ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಉಗಿ ಎಂಜಿನ್ನಿನ ಬಾಯ್ಲರ್ ಸ್ಫೋಟಿಸಿ ನಾಲ್ವರು ಸತ್ತರು. ಎಂಜಿನ್ ನೋಡಿಕೊಳ್ಳಬೇಕಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದ. ಉಗಿ ಬಿಡುವ ಲಿವರನ್ನು ಸ್ಪ್ಯಾನರ್ ಸಿಕ್ಕಿಸಿ ಬಿಗಿದಿತ್ತು. ಆ ಬಳಿಕ ಟ್ರೆವಿಥಿಕ್ ಬಾಯ್ಲರಿನೊಳಗೆ ಸೀಸದ ಒಂದು ಬಿರಡೆ ಕೂರಿಸಿದ. ಮೇಲೆ ನೀರು ಇರುವ ತನಕ ಸೀಸ ತಣ್ಣಗಿರುತ್ತದೆ. ನೀರು ಇಳಿದರೆ ಕರಗಿ ತೂತು ಬೀಳುತ್ತದೆ, ಉಗಿ ಅಲ್ಲಿಂದ ಒಲೆಯ ಮೇಲೆ ಸುರಿಯುತ್ತದೆ. ಹುಡುಗ ಎಲ್ಲಿಗೇ ಹೋಗಿರಲಿ, ಬಿರಡೆ ಅಲ್ಲೇ ಇರುತ್ತದೆ.

ಆ ಬಿರಡೆಯ ಮೊಮ್ಮಗನೇ ಇವತ್ತಿನ ಥರ್ಮಲ್ ಫ್ಯೂಸ್. ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಲೋಹದ ಕೊಳವೆ. ಒಳಗೊಂದು ಮೇಣದಂಥ ಗುಳಿಗೆ, ಅದಕ್ಕೆ ಒತ್ತಿಕೊಂಡ ಸ್ಪ್ರಿಂಗ್. ಗುಳಿಗೆ ಕರಗಿದರೆ ಸ್ಪ್ರಿಂಗ್ ಚಿಮ್ಮಿ ಸಂಪರ್ಕ ಕಡಿಯುತ್ತದೆ. ಒಮ್ಮೆ ಕಡಿದರೆ ಮುಗಿಯಿತು, ಎಸೆದು ಹೊಸದು ಹಾಕಬೇಕು. ಇನ್ನೊಂದು ಬಗೆಯದು ಬೈಮೆಟಲ್ ಥರ್ಮೋಸ್ಟ್ಯಾಟ್, ಕೆಎಸ್‌ಡಿ 301 ಅಂತ ಸಿಗುವ ಪುಟ್ಟ ಬಿಲ್ಲೆ. ಒಂದಕ್ಕಿಂತ ಒಂದು ಜಾಸ್ತಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ತಟ್ಟೆ ಅದರೊಳಗಿದೆ. ಬಿಸಿಗೆ 'ಟಿಕ್' ಅಂತ ಮಗುಚಿಕೊಳ್ಳುತ್ತದೆ, ಆರಿದ ಮೇಲೆ ತಾನೇ ವಾಪಸ್ಸು. ಜೋಡಿ ಲೋಹದ ಈ ಉಪಾಯ ಜಾನ್ ಹ್ಯಾರಿಸನ್ನನದು, 18ನೇ ಶತಮಾನದ ಹಡಗಿನ ಗಡಿಯಾರಕ್ಕೆ ಅಂತ ಮಾಡಿದ್ದು.

ನನ್ನ ಮಾತು ಕೇಳಿದರೆ ಎರಡನ್ನೂ ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಹಾಕಿ. ದಿನದ ಕೆಲಸಕ್ಕೆ 140–150 ಡಿಗ್ರಿಯ ಥರ್ಮೋಸ್ಟ್ಯಾಟ್. ಅದು ಕೈಕೊಟ್ಟರೆ ಪ್ರಾಣ ಕೊಡಲು 184ರ ಸುಮಾರಿನ ಥರ್ಮಲ್ ಫ್ಯೂಸ್. ಫ್ಯೂಸಿನ ಮೇಲೆ ಬರೆದಿರುವುದು ಅದು ಕಡಿಯುವ ಬಿಸಿ. ದಿನವಿಡೀ ತಾಳಿಕೊಳ್ಳುವ ಬಿಸಿ ಅದಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿರುತ್ತದೆ. ಎರಡು ಸಂಖ್ಯೆಗಳನ್ನು ತೀರಾ ಹತ್ತಿರ ಇಟ್ಟರೆ ಫ್ಯೂಸ್ ಸುಮ್ನೆ ಸಾಯುತ್ತದೆ. ಹೊದಿಕೆ, ತಂತಿ ಎಲ್ಲವೂ ಫ್ಯೂಸಿನ ಸಂಖ್ಯೆಗಿಂತ ಮೇಲಿನ ಬಿಸಿ ತಾಳುವಂಥವೇ ಆಗಿರಲಿ. ತಂತಿ ಸಿಲಿಕೋನ್ ಅಥವಾ ಟೆಫ್ಲಾನ್ ಸಿಪ್ಪೆಯದಿರಲಿ.

ಈಗ ನನ್ನ ಮೆಚ್ಚಿನ ವಿಷಯ. ಆ ಬಿಲ್ಲೆಯ ಮೇಲೆ '250 ವೋಲ್ಟ್, 10 ಆಂಪ್' ಅಂತ ಇರುತ್ತದೆ. ನಮ್ಮದು ಬರೀ 18 ವೋಲ್ಟು, ಧಾರಾಳವಾಯಿತು ಅನಿಸುತ್ತದೆ. ಆದರೆ ಆ ಸಂಖ್ಯೆ ಎಸಿಗೆ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಮನೆಯ ಕರೆಂಟಿಗೆ. ಪ್ಯಾನೆಲ್ ಕೊಡುವುದು ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಎಸಿ ಉಯ್ಯಾಲೆಯ ಹಾಗೆ. ಆ ತುದಿ ಈ ತುದಿಯಲ್ಲಿ ಅರೆಗಳಿಗೆ ನಿಲ್ಲುತ್ತದೆ, ಆಗ ಮಗುವೂ ಹಿಡಿದು ನಿಲ್ಲಿಸಬಹುದು. 50 ಹರ್ಟ್ಸ್ ಕರೆಂಟು ಸೆಕೆಂಡಿಗೆ ನೂರು ಸಲ ಹೀಗೆ ಸೊನ್ನೆಗೆ ಬರುತ್ತದೆ. ಡಿಸಿ ಇಳಿಜಾರಿನಲ್ಲಿ ಬರುವ ಗಾಡಿ. ನಿಲ್ಲುವ ಗಳಿಗೆಯೇ ಇಲ್ಲ. ಸಂಪರ್ಕ ಬಿಚ್ಚಿಕೊಳ್ಳುವಾಗ ಎರಡು ಲೋಹಗಳ ನಡುವೆ ಕಿಡಿಯ ಎಳೆ ಏಳುತ್ತದೆ, ಚಮಚ ಎತ್ತಿದಾಗ ಜೇನು ಎಳೆ ಬಿಡುವ ಹಾಗೆ. ಎಸಿಯಲ್ಲಿ ಆ ಎಳೆ ಮುಂದಿನ ಸೊನ್ನೆಗೆ ತುಂಡಾಗುತ್ತದೆ. ಡಿಸಿಯಲ್ಲಿ ಹಾಗೇ ಉರಿಯುತ್ತಾ ಲೋಹವನ್ನು ಕರಗಿಸುತ್ತದೆ. (ಉಯ್ಯಾಲೆ, ಗಾಡಿ, ಜೇನು, ಮೂರೂ ಬಂದವು. ಇಲ್ಲಿಗೆ ನಿಲ್ಲಿಸುತ್ತೇನೆ.) ಬೆಳ್ಳಿಯ ಸಂಪರ್ಕಗಳ ನಡುವೆ ಇಂಥ ಎಳೆ ನಿಲ್ಲಲು 12 ವೋಲ್ಟ್, ಅರ್ಧ ಆಂಪ್ ಸಾಕು. ನಿಮ್ಮ ಹತ್ತಿರ ಎರಡೂ ಜಾಸ್ತಿಯೇ ಇವೆ. ಕರಗಿದ ಲೋಹ ಆರಿ ಅಂಟಿಕೊಂಡರೆ ಥರ್ಮೋಸ್ಟ್ಯಾಟ್ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಕಾವಲುಗಾರನೇ ಬಾಗಿಲು ತೆರೆದಿಟ್ಟ ಹಾಗೆ.

ಆದ್ದರಿಂದ ಡಿಸಿ ಎಷ್ಟು ವೋಲ್ಟಿಗೆ ಅಂತ ಪ್ರತ್ಯೇಕವಾಗಿ ಬರೆದಿರುವ ಭಾಗವನ್ನೇ ಹುಡುಕಿ. ಎರಡು ಪ್ಯಾನೆಲ್ ಇದ್ದರೆ ಒಂದರ ಹಿಂದೊಂದು ಜೋಡಿಸಿ ವೋಲ್ಟ್ ಏರಿಸಬೇಡಿ. ಪಕ್ಕಪಕ್ಕ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ, ಆದರೆ ಆಗ ಆಂಪ್ ಎರಡರಷ್ಟಾಗುತ್ತದೆ ಅನ್ನುವುದು ನೆನಪಿರಲಿ. ಕಿಡಿಯೇ ಬೇಡ ಅಂತ ಕೆಲವರು ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸುತ್ತಾರೆ. ಒಳ್ಳೆಯದೇ, ಆದರೆ ಮಾಸ್ಫೆಟ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಕೊನೆಯ ಕಾವಲಿಗೆ ಅದನ್ನು ನಂಬಬೇಡಿ.

ಥರ್ಮಲ್ ಫ್ಯೂಸ್ ಕೂರಿಸುವಾಗ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಸಲ ಅಚ್ಚುಕಟ್ಟಾಗಿ ಬೆಸುಗೆ ಹಾಕಿದೆ. ಕುಕ್ಕರ್ ಬಿಸಿಯೇ ಆಗಲಿಲ್ಲ. ಪ್ಯಾನೆಲ್ ಬೈದೆ, ಮೋಡ ಬೈದೆ. ಒಂದು ಗಂಟೆ ಆದಮೇಲೆ ಹೊಳೆಯಿತು: 350 ಡಿಗ್ರಿಯ ಬೆಸುಗೆ ಕಡ್ಡಿ ಹಿಡಿದಾಗಲೇ 184ರ ಫ್ಯೂಸ್ ತನ್ನ ಕೆಲಸ ಮುಗಿಸಿತ್ತು. ಪಾಪ, ತಪ್ಪೇನೂ ಮಾಡಿರಲಿಲ್ಲ. ಈಗ ಲೋಹದ ತೋಳು ಹಾಕಿ ಇಕ್ಕಳದಿಂದ ಒತ್ತಿ ಜೋಡಿಸುತ್ತೇನೆ. ಇನ್ನೊಂದು ಮಾತು. ಆ ಫ್ಯೂಸಿನ ಲೋಹದ ಮೈಗೇ ಕರೆಂಟು ಇರುತ್ತದೆ. ಪಾತ್ರೆಗೆ ತಾಗದಂತೆ ಗಾಜಿನ ನಾರಿನ ಕೊಳವೆ ತೊಡಿಸಿ. ಆದರೆ ಹೊದಿಕೆಯೊಳಗೆ ಎಲ್ಲೋ ತೂಗಾಡಲು ಬಿಡಬೇಡಿ. ಟ್ರೆವಿಥಿಕ್‌ನ ಬಿರಡೆಯ ಹಾಗೆ, ನೀರು ಮುಗಿದಾಗ ಮೊದಲು ಕಾಯುವ ಜಾಗಕ್ಕೆ, ಅಂದರೆ ಹೀಟರ್ ತಟ್ಟೆಗೇ, ಒತ್ತಿ ಕಟ್ಟಬೇಕು.

ಕಟ್ಟಿದ ಮೇಲೆ ಪರೀಕ್ಷೆ ಮಾಡಿ. ಕಲ್ಲಿನ ಮೇಲೆ, ಬಯಲಿನಲ್ಲಿ, ಖಾಲಿ ಪಾತ್ರೆ ಇಟ್ಟು, ತಟ್ಟೆಗೆ ಥರ್ಮಾಮೀಟರಿನ ತಂತಿ ಸಿಕ್ಕಿಸಿ. ಪಕ್ಕದಲ್ಲೊಂದು ದಪ್ಪ ಕಂಬಳಿ ಇಟ್ಟುಕೊಂಡು ಕೂರಿ. 150 ದಾಟಿ ಐದಾರು ಡಿಗ್ರಿ ಹೋದರೂ 'ಟಿಕ್' ಕೇಳಿಸದಿದ್ದರೆ ಕಂಬಳಿಯನ್ನು ಪ್ಯಾನೆಲ್ ಮೇಲೆ ಹೊದಿಸಿ. ಸೂರ್ಯನಿಗೆ ಬೇರೆ ಸ್ವಿಚ್ ಇಲ್ಲ.