ಸ್ಲ್ಯಾಬಿನ ಕಂಬಿ ಕೆಳಗೇ ಯಾಕೆ, ನಡುವೆ ಇಟ್ಟರೆ ಆಗಲ್ವಾ?

ಪ್ರಶ್ನೆ: ನಮ್ಮ ಸ್ಲ್ಯಾಬಿಗೆ ಕಟ್ಟಿದ ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗುವಷ್ಟು ಕೆಳಗಿದೆ. ನಡುಮಧ್ಯೆ ಇದ್ದರೆ ಎರಡೂ ಕಡೆ ಬಲ ಸಿಗುತ್ತಲ್ವಾ?

ಇಲ್ಲ, ನಡುವೆ ಇಟ್ಟರೆ ಕಂಬಿ ಅರ್ಧಂಬರ್ಧ ಕೆಲಸ ಮಾಡುತ್ತದೆ. ಒಂದು ಸೀಮೆಸುಣ್ಣ ತಗೊಳ್ಳಿ. ನೆಟ್ಟಗೆ ನಿಲ್ಲಿಸಿ ಒತ್ತಿದರೆ ಜಗ್ಗುವುದಿಲ್ಲ, ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ಕಾಂಕ್ರೀಟೂ ಅದೇ ಜಾತಿ. ಒತ್ತಿದರೆ ತಡೆಯುವ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಎಳೆದಾಗ ಇರುತ್ತದೆ. ಎರಡು ಗೋಡೆ ಮೇಲೆ ಕೂತ ಸ್ಲ್ಯಾಬು ಭಾರಕ್ಕೆ ಕೂದಲೆಳೆಯಷ್ಟು ಬಾಗಿದರೂ ಸಾಕು, ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳ ಎಳೆದುಕೊಳ್ಳುತ್ತದೆ, ಬಿರುಕು ಶುರುವಾಗುವುದು ಆ ತಳದಲ್ಲೇ. ಸರಿಯಾಗಿ ನಡುವೆ ಎಳೆತ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಕೂತ ಕಂಬಿಗೆ ಬಿರುಕು ಮೇಲೇರಿ ಬರುವ ತನಕ ಕೆಲಸವೇ ಇಲ್ಲ!

ಲೆಕ್ಕವೂ ಸುಲಭ. 125 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ ಕಂಬಿ ಮೇಲಿಂದ 100 ಮಿ.ಮೀ. ಆಳದಲ್ಲಿರಬೇಕಾದ್ದು 62ಕ್ಕೆ ಬಂದರೆ, ಅಷ್ಟೇ ಕಬ್ಬಿಣ ಹಾಕಿಯೂ ಬಲ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಳಿಯುತ್ತದೆ. ಈ ತಪ್ಪು ಹಳೆಯದೇ ಬಿಡಿ. 1867ರಲ್ಲಿ ಕಬ್ಬಿಣದ ಜಾಲರಿ ಹಾಕಿದ ಸಿಮೆಂಟ್ ಕುಂಡಕ್ಕೆ ಪೇಟೆಂಟ್ ಪಡೆದ ಫ್ರೆಂಚ್ ತೋಟಗಾರ ಜೋಸೆಫ್ ಮೋನಿಯೆ ಕೂಡ ಜಾಲರಿಯನ್ನು ನಡುವೆಯೇ ಇಡುತ್ತಿದ್ದ. ಕುಂಡಕ್ಕೆ ನಡೆಯುತ್ತೆ, ಸ್ಲ್ಯಾಬಿಗೆ ನಡೆಯಲ್ಲ.

ಹಾಗಂತ ನೀವು ಹೇಳಿದ ಹಾಗೆ ಹಲಗೆಗೆ ತಾಗಿದ್ದರೆ ಅದೂ ತಪ್ಪೇ. ಕಾಂಕ್ರೀಟಿನ ಕ್ಷಾರ ಗುಣವೇ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುವುದು, ಅದಕ್ಕೆ ಕಂಬಿ ಪೂರ್ತಿ ಮುಚ್ಚಿರಬೇಕು. ಇಲ್ಲದಿದ್ದರೆ ತುಕ್ಕು ಉಬ್ಬಿ, ಕೆಳಗಿನ ಕಾಂಕ್ರೀಟನ್ನು ಹಕ್ಕಳೆ ಹಕ್ಕಳೆಯಾಗಿ ಉದುರಿಸುತ್ತದೆ. ಮನೆಯೊಳಗಿನ ಸ್ಲ್ಯಾಬಿಗೆ ಸಾಮಾನ್ಯವಾಗಿ 20 ಮಿ.ಮೀ. ಕವರ್ ಬ್ಲಾಕ್ (ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಕೊಡುತ್ತಾರೆ. ಅದರ ಬದಲು ಇಟ್ಟಿಗೆ ಚೂರು ತುರುಕಿದ್ದರೆ ತೆಗೆಸಿ, ಅದು ನೀರು ಹೀರುತ್ತದೆ.

ಬಾಲ್ಕನಿ, ಸಜ್ಜಗಳಿಗೆ ಮಾತ್ರ ಇದೆಲ್ಲ ತಲೆಕೆಳಗು. ಒಂದೇ ಕಡೆ ಹಿಡಿತ ಇರುವುದರಿಂದ ತುದಿ ಕೆಳಗೆ ಬಾಗುತ್ತದೆ, ಎಳೆತ ಮೇಲ್ಭಾಗಕ್ಕೆ ಹೋಗುತ್ತದೆ, ಮುಖ್ಯ ಕಂಬಿಯೂ ಮೇಲೆಯೇ ಇರಬೇಕು. ನನಗೆ ಜಾಸ್ತಿ ಭಯ ಇಲ್ಲೇ. ಕಾಂಕ್ರೀಟ್ ಹಾಕುವ ದಿನ ಎಲ್ಲರೂ ಆ ಕಂಬಿ ತುಳಿದುಕೊಂಡೇ ಓಡಾಡುತ್ತಾರೆ, ಅಡಿಯಲ್ಲಿ ಗಟ್ಟಿ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಬಗ್ಗಿಸಿದ ಕಂಬಿಯ ಕಾಲು) ಇಲ್ಲದಿದ್ದರೆ ಅದು ಸುಮ್ನೆ ತಳ ಸೇರುತ್ತದೆ, ಮೇಲಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಕಾಂಕ್ರೀಟ್ ಸುರಿಯುವ ಮುಂಚೆ ಅಲ್ಲೊಮ್ಮೆ ಟೇಪ್ ಹಿಡಿದು ಅಳೆಯಿರಿ, ಸುರಿಯುತ್ತಿರುವಾಗಲೂ ಒಂದು ಕಣ್ಣು ಅಲ್ಲೇ ಇರಲಿ.