ಪ್ರೇಷಿತೆಯನ್ನು ತಿದ್ದಬೇಡಿ

ಯೇಸು ಸಾವಿನಿಂದ ಎದ್ದದ್ದನ್ನು ಕಂಡು ಶಿಷ್ಯರಿಗೆ ಸುದ್ದಿ ಮುಟ್ಟಿಸಿದ ಮಗ್ದಲದ ಮರಿಯಳ ಹಬ್ಬ ಜುಲೈ 22. ಅದಕ್ಕೆಂದು ಬರೆದುಕೊಟ್ಟಿದ್ದ ಅರ್ಧ ಪುಟ ಅಚ್ಚಾಗಿ ಕೈಗೆ ಬಂತು. ನಾನು ಬರೆದದ್ದು ‘ಪ್ರೇಷಿತರ ಪ್ರೇಷಿತೆ ಮಗ್ದಲದ ಮರಿಯಳು’ ಎಂದು. ಅಚ್ಚಾಗಿದ್ದು ‘ಪ್ರೇಷಿತರ ಶಿಷ್ಯೆ’ ಎಂದು. ಕರಡು ತಿದ್ದಿದ ಹುಡುಗನನ್ನು ಕೇಳಿದರೆ, “ಒಂದೇ ಪದ ಎರಡು ಸಲ ಬಂದಿತ್ತಲ್ಲ ಮೇಡಂ, ಕಣ್ತಪ್ಪು ಅಂದ್ಕೊಂಡೆ. ಪ್ರೇಷಿತರು ಅಂದ್ರೆ ಹನ್ನೆರಡು ಜನ ಗಂಡಸರು ತಾನೇ?” ಅಂದ. ಅವನೊಬ್ಬನನ್ನೇ ದೂರಿ ಫಲವಿಲ್ಲ. ಪ್ರತಿ ಈಸ್ಟರ್‌ಗೂ ಫೋನಿಗೆ ಬಂದು ಬೀಳುವ ಸಂದೇಶಗಳಲ್ಲಿ ಈ ಪದ ಶಿಷ್ಯ ಆಗಿರುತ್ತದೆ, ಸೇವಕ ಆಗಿರುತ್ತದೆ, ಒಮ್ಮೊಮ್ಮೆ ‘ಪ್ರೇಕ್ಷಿತ’ವೂ ಆಗಿರುತ್ತದೆ. ಕೊನೆಯದಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಒಂದು ತಮಾಷೆಯಿದೆ.

ಶಿಷ್ಯ ಬೇರೆ, ಪ್ರೇಷಿತ ಬೇರೆ. ಶಿಷ್ಯ ಕಲಿಯಲು ಬರುವವನು, ಪ್ರೇಷಿತ ಹೇಳಲು ಹೋಗುವವನು. ಯೇಸು ಆರಿಸಿಕೊಂಡ ಹನ್ನೆರಡು ಮಂದಿ ಎರಡೂ ಆಗಿದ್ದರು ನಿಜ. ಆದರೆ ಹನ್ನೆರಡಕ್ಕೆ ಪಟ್ಟಿ ಮುಗಿಯಲಿಲ್ಲ. ಬಾರ್ನಬ ಎಂಬ ಆದಿ ಬೋಧಕನನ್ನೂ ಬೈಬಲ್ ಪ್ರೇಷಿತನೆಂದು ಕರೆದಿದೆ, ಯೇಸುವಿನ ಸಾವಿನ ಆಮೇಲೆ ಸೇರಿಕೊಂಡ ಪೌಲನಂತೂ ಆ ಹೆಸರಿಗಾಗಿ ಜಗಳವನ್ನೇ ಆಡಿದ್ದಾನೆ. ಇಬ್ಬರೂ ಹನ್ನೆರಡರೊಳಗಿನವರಲ್ಲ.

ಪ್ರೊಟೆಸ್ಟೆಂಟರ ಕನ್ನಡದಲ್ಲಿ ಇದೇ ಪದ ‘ಅಪೊಸ್ತಲ’. ಅವರು ಓದುವುದು ‘ಅಪೊಸ್ತಲರ ಕೃತ್ಯಗಳು’, ಕಥೋಲಿಕರು ಓದುವುದು ‘ಪ್ರೇಷಿತರ ಕಾರ್ಯಕಲಾಪಗಳು’, ಪುಸ್ತಕ ಮಾತ್ರ ಒಂದೇ. ಅಪೊಸ್ತಲ ಬೈಬಲಿನ ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಿಂದ ನೇರವಾಗಿ ಬಂದದ್ದು. ‘ಅಪೊ’ ಅಂದರೆ ಆಚೆಗೆ, ‘ಸ್ತೆಲ್ಲೋ’ ಅಂದರೆ ಸಜ್ಜುಮಾಡಿ ಕಳುಹಿಸು. ಹಳೆಯ ಗ್ರೀಕಿನಲ್ಲಿ ‘ಅಪೊಸ್ತೊಲೊಸ್’ ಎಂದರೆ ಎಷ್ಟೋ ಕಡೆ ದಂಡಯಾತ್ರೆಗೆ ಹೊರಟ ಹಡಗುಗಳ ಗುಂಪು, ಭಕ್ತಿಯ ವಾಸನೆಯೇ ಇರದ ಪದ. ಅದರ ಬೆನ್ನಿಗೆ ಯೆಹೂದ್ಯರ ‘ಶಾಲಿಯಾಹ್’ ಎಂಬ ಕಲ್ಪನೆಯೂ ಇದೆ ಎನ್ನುವವರಿದ್ದಾರೆ. ಒಬ್ಬನು ಕಳುಹಿಸಿದ ಆಳು ಅವನಿಗೇ ಸಮ ಎಂದು ಅವರ ಹಳೆಯ ಕಾನೂನುಸಂಗ್ರಹ ಮಿಶ್ನಾ ಹೇಳುತ್ತದೆ. ಹೆಚ್ಚುಕಡಿಮೆ ನಮ್ಮ ಮುಖ್ತ್ಯಾರನಂತೆ.

ಕನ್ನಡದ ಕಥೋಲಿಕರು ಇದಕ್ಕೆ ಹುಡುಕಿಕೊಂಡ ಸಂಸ್ಕೃತ ಪದ ಅಚ್ಚುಕಟ್ಟಾಗಿದೆ. ‘ಪ್ರ’ ಉಪಸರ್ಗ, ‘ಇಷ್’ ಧಾತು. ಪ್ರೇಷಣ ಎಂದರೆ ಕಳುಹಿಸುವುದು, ಪ್ರೇಷಿತ ಎಂದರೆ ಕಳುಹಿಸಲ್ಪಟ್ಟವನು. ‘ದೂತ’ ಎನ್ನಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ: ಆ ಪದ ಆಗಲೇ ದೇವದೂತರ ಪಾಲಾಗಿತ್ತು. ಗ್ರೀಕಿನ ‘ಆಂಗೆಲೊಸ್’ಗೂ ಸುದ್ದಿ ತರುವವನು ಎಂದೇ ಅರ್ಥ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಒಂದಾದ ಯೊವಾನ್ನನ ಪುಸ್ತಕದ 20ನೇ ಅಧ್ಯಾಯದಲ್ಲಿ ಮರಿಯಳು ಯೇಸುವಿನ ಸಮಾಧಿಯಿಂದ ಬಂದು ಶಿಷ್ಯರಿಗೆ ಸುದ್ದಿ ಮುಟ್ಟಿಸುವಾಗ ಬಳಸಿದ ಕ್ರಿಯಾಪದ ‘ಆಂಗೆಲ್ಲೂಸಾ’, ಅದೇ ಕುಲದ್ದು. ಸಮಾಧಿಯೊಳಗೆ ಕೂತಿದ್ದವರು ದೂತರು, ಹೊರಗೆ ಓಡಿದವಳ ಕೆಲಸವೂ ದೂತರದೇ.

ಇಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಮರಿಯಳನ್ನು ‘ಪ್ರೇಷಿತೆ’ ಎಂದು ಕರೆದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗ ತುಂಬುವಾಗ ಹನ್ನೆರಡರ ಮುಂದಾಳು ಪೇತ್ರನು ಹಾಕಿದ ಷರತ್ತಿನಲ್ಲೂ ‘ಗಂಡಸರಲ್ಲಿ ಒಬ್ಬ’ ಎಂದೇ ಇದೆ. ಆದರೆ ಆ ಷರತ್ತಿಗೆ ಪೌಲನೂ ಹೊಂದುವುದಿಲ್ಲ, ಯೇಸುವಿನ ಜೊತೆ ಅವನು ಒಂದು ದಿನವೂ ತಿರುಗಾಡಿದವನಲ್ಲ. ಹಾಗಾದರೆ ಪೌಲನು ತನಗೆ ಹಕ್ಕು ಸಾಧಿಸಿದ್ದು ಯಾವ ಆಧಾರದ ಮೇಲೆ? ‘ನಾನು ಪ್ರೇಷಿತನಲ್ಲವೇ? ಪ್ರಭುವನ್ನು ನಾನು ಕಂಡಿಲ್ಲವೇ?’ ಗ್ರೀಕಿನಲ್ಲಿ ಆ ‘ಕಂಡಿದ್ದೇನೆ’ ಎಂಬುದು ‘ಹೆಯೊರಾಕಾ’. ಮರಿಯಳು ಶಿಷ್ಯರ ಮುಂದೆ ನಿಂತು ಆಡಿದ ಮೊದಲ ಮಾತೂ ‘ಹೆಯೊರಾಕಾ’, ಪ್ರಭುವನ್ನು ಕಂಡಿದ್ದೇನೆ. ಅದೇ ಧಾತು, ಅದೇ ರೂಪ. ಅವನು ಕಂಡಿದ್ದಕ್ಕೆ ಪ್ರೇಷಿತನಾಗುವುದಾದರೆ, ಅವನಿಗಿಂತ ವರ್ಷಗಳ ಮುಂಚೆ ಕಂಡು, ‘ಹೋಗಿ ನನ್ನ ಸೋದರರಿಗೆ ಹೇಳು’ ಎಂಬ ಅಪ್ಪಣೆಯನ್ನೂ ಪಡೆದವಳು ಏನಾಗಬೇಕು? ಮಧ್ಯಯುಗದ ಲತೀನ್ ಬರಹಗಾರರಿಗೆ ಇದರಲ್ಲಿ ಗೊಂದಲವಿರಲಿಲ್ಲ. ‘ಅಪೊಸ್ತೊಲೊರುಂ ಅಪೊಸ್ತೊಲಾ’ ಎಂದು ಬರೆದು ಮುಂದೆ ಹೋದರು, ದೊಡ್ಡ ದೇವಶಾಸ್ತ್ರಜ್ಞ ತೋಮಾಸ್ ಅಕ್ವಿನಾಸನೂ ಸೇರಿದಂತೆ. ನನ್ನ ‘ಪ್ರೇಷಿತರ ಪ್ರೇಷಿತೆ’ ಅದರ ಕನ್ನಡವೇ ಹೊರತು ನನ್ನ ಶೋಧವಲ್ಲ. 2016ರ ಜೂನ್ 3ರಂದು ರೋಮಿನಿಂದ ಹೊರಟ ಆಜ್ಞೆ ಅವಳ ಸ್ಮರಣೆಯನ್ನು ಉಳಿದ ಪ್ರೇಷಿತರಿಗೆ ಸಮನಾದ ಹಬ್ಬದ ದರ್ಜೆಗೆ ಏರಿಸಿದಾಗಲೂ ಇದೇ ಬಿರುದನ್ನು ಎತ್ತಿ ಹೇಳಿತ್ತು.

ಈಗ ‘ಪ್ರೇಕ್ಷಿತ’ದ ತಮಾಷೆ. ಅದು ಈಕ್ಷ್ ಧಾತುವಿನಿಂದ ಬಂದದ್ದು, ನೋಡುವುದಕ್ಕೆ ಸಂಬಂಧಿಸಿದ್ದು. ಮಾರ್ಕನ ಶುಭಸಂದೇಶ ತೆಗೆದು ನೋಡಿದರೆ ಅಲ್ಲಿ ಮರಿಯಳೂ ಅವಳ ಜೊತೆಗಿದ್ದ ಹೆಂಗಸರೂ ಮೊದಲು ಪ್ರೇಕ್ಷಕಿಯರೇ. ಶಿಲುಬೆಯ ದಿನ ದೂರದಿಂದ ನೋಡುತ್ತಿದ್ದರು. ಶವ ಇಟ್ಟ ಜಾಗ ನೋಡಿಕೊಂಡರು. ಭಾನುವಾರ ಬೆಳಗ್ಗೆ ಕಲ್ಲು ಉರುಳಿದ್ದನ್ನು ನೋಡಿದರು. ಮೂರೂ ಕಡೆ ‘ಥೆಯೊರೆಯೊ’ ಎಂಬ ಒಂದೇ ಕುಲದ ಕ್ರಿಯಾಪದ, ‘ಥಿಯೇಟರ್’ ಪದದ ಬಂಧು. ಸಾವು, ಹೂಳಿದ್ದು, ಬರಿದಾದ ಸಮಾಧಿ, ಮೂರಕ್ಕೂ ಮಹಜರು ಬರೆದರೆ ಪಂಚರ ಜಾಗದಲ್ಲಿ ಸಹಿ ಹಾಕಬೇಕಾದವರು ಇವರೇ. ಹನ್ನೆರಡರಲ್ಲಿ ಉಳಿದವರು ಆಗಲೇ ಓಡಿಹೋಗಿದ್ದರು.

ಸಹಿ ನಡೆಯುತ್ತಿತ್ತೇ ಎಂಬುದು ಬೇರೆ ಮಾತು. ಹೆಂಗಸರ ಸಾಕ್ಷ್ಯ ಸ್ವೀಕರಿಸಬಾರದು, ಅವರು ಚಂಚಲರು ಎಂಬುದು ಮೋಶೆಯ ಕಾನೂನೆಂದೇ ಅದೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಲೂಕನ ಪ್ರಕಾರ ಪ್ರೇಷಿತರಿಗೇ ಇವರ ಮಾತು ‘ಲೇರೊಸ್’ ಅನ್ನಿಸಿತು. ಹುಚ್ಚುಹರಟೆ ಎನ್ನಬಹುದು, ಗ್ರೀಕ್ ವೈದ್ಯರು ಜ್ವರ ನೆತ್ತಿಗೇರಿದವರ ಬಡಬಡಿಕೆಗೆ ಈ ಪದ ಬಳಸುತ್ತಿದ್ದರು. ಎರಡನೇ ಶತಮಾನದ ಸೆಲ್ಸಸ್ ಎಂಬ ಟೀಕಾಕಾರನೂ ಇದನ್ನೇ ಹಿಡಿದು, ಇದನ್ನೆಲ್ಲ ಕಂಡವಳು ತಲೆಕೆಟ್ಟ ಹೆಂಗಸಲ್ಲವೇ ಎಂದು ಹಂಗಿಸಿದ. ಪೌಲನು ಕೊರಿಂಥದವರಿಗೆ ಬರೆದುಕೊಟ್ಟ ಸಾಕ್ಷಿಗಳ ಪಟ್ಟಿಯಲ್ಲಿ ಕೇಫ, ಅಂದರೆ ಪೇತ್ರನಿದ್ದಾನೆ, ಯಾಕೋಬನಿದ್ದಾನೆ, ಐನೂರಕ್ಕೂ ಹೆಚ್ಚು ‘ಸೋದರ’ರಿದ್ದಾರೆ, ಮರಿಯಳಿಲ್ಲ. ಕಟ್ಟುಕತೆ ಹೆಣೆಯುವವರು ಯಾರೂ ನಂಬದ ಸಾಕ್ಷಿಗಳನ್ನು ತಾವಾಗಿ ಕರೆತರುತ್ತಿರಲಿಲ್ಲ ಎಂದು ಹಲವು ವಿದ್ವಾಂಸರು ವಾದಿಸುವುದು ಇದಕ್ಕೇ.

ಬಿರುದು ಆಮೇಲಿನವರು ಕೊಟ್ಟದ್ದು ಎಂದು ಮರಿಯಳ ವಿಷಯದಲ್ಲಿ ಜಾರಿಕೊಳ್ಳಬಹುದು. ಯೂನ್ಯಳ ವಿಷಯದಲ್ಲಿ ಆಗುವುದಿಲ್ಲ. ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯ, 7ನೇ ವಚನ. ಅಂದ್ರೊನಿಕ, ಯೂನ್ಯ ಇಬ್ಬರಿಗೂ ಪೌಲ ವಂದನೆ ಹೇಳಿ, ಇವರು ಪ್ರೇಷಿತರಲ್ಲಿ ಹೆಸರಾದವರು, ನನಗಿಂತ ಮೊದಲೇ ಕ್ರಿಸ್ತನವರಾದವರು ಎನ್ನುತ್ತಾನೆ. ಗ್ರೀಕಿನ ದ್ವಿತೀಯಾ ವಿಭಕ್ತಿಯಲ್ಲಿ ಈ ಹೆಸರು ಗಂಡಿನದೋ ಹೆಣ್ಣಿನದೋ ಎಂಬುದು ಸ್ವರಚಿಹ್ನೆ ಇಲ್ಲದೆ ತಿಳಿಯದು, ಹಳೆಯ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಯೇ ಇಲ್ಲ. ಆದರೂ ಗ್ರೀಕನ್ನೇ ಉಸಿರಾಡುತ್ತಿದ್ದ ನಾಲ್ಕನೇ ಶತಮಾನದ ಧರ್ಮಬೋಧಕ ಕ್ರಿಸೊಸ್ತೋಮನಿಗೆ ಅನುಮಾನ ಬರಲಿಲ್ಲ. ಪ್ರೇಷಿತೆ ಎನ್ನಿಸಿಕೊಳ್ಳಲು ಈ ಹೆಂಗಸಿನ ಜ್ಞಾನ ಅದೆಷ್ಟು ದೊಡ್ಡದಿರಬೇಕು ಎಂದು ಬೆರಗಾದ. ಹೆಣ್ಣುಮಕ್ಕಳನ್ನು ಹೊಗಳುವುದರಲ್ಲಿ ಧಾರಾಳಿಯೆಂದು ಹೆಸರಾದವನಲ್ಲ ಅವನು.

ಮಧ್ಯಯುಗದಲ್ಲಿ ಯಾರಿಗೋ ಇರಸುಮುರಸಾಯಿತು, ಯೂನ್ಯಳಿಗೆ ಮೀಸೆ ಬಂತು. ಲೂಥರನ ಜರ್ಮನ್ ಅನುವಾದದಲ್ಲೂ ಗಂಡಸೇ. ವಿದ್ವಾಂಸರ ಕೈಪಿಡಿಯಾದ, ನೆಸ್ಲೆ ಎಂಬ ಪಂಡಿತನ ಹೆಸರಿನ ಹೊಸ ಒಡಂಬಡಿಕೆಯ ಗ್ರೀಕ್ ಆವೃತ್ತಿ 1927ರಲ್ಲಿ ಗಂಡು ರೂಪಕ್ಕೆ ತಿರುಗಿ, 1998ರ ಮುದ್ರಣದಲ್ಲಷ್ಟೇ ಹೆಣ್ಣಿಗೆ ಮರಳಿತು. ಎಪ್ಪತ್ತು ವರ್ಷ! ಪ್ರಾಚೀನ ರೋಮಿನ ಶಾಸನಗಳಲ್ಲಿ ಯೂನಿಯಾ ಎಂಬ ಹೆಣ್ಣುಹೆಸರು 250ಕ್ಕೂ ಹೆಚ್ಚು ಸಲ ಸಿಗುತ್ತದೆ. ಇವರು ಕಲ್ಪಿಸಿದ ‘ಯೂನಿಯಾಸ್’ ಎಂಬ ಗಂಡುಹೆಸರು ಒಮ್ಮೆಯೂ ಸಿಕ್ಕಿಲ್ಲ. ಹೆಣ್ಣೆಂದು ಒಪ್ಪಲೇಬೇಕಾದ ಮೇಲೆ ‘ಪ್ರೇಷಿತರಲ್ಲಿ ಹೆಸರಾದವಳು’ ಅಲ್ಲ, ‘ಪ್ರೇಷಿತರಿಗೆ ಪರಿಚಿತಳು’ ಎಂದು ಓದಬೇಕೆಂಬ ವಾದ ಮುನ್ನೆಲೆಗೆ ಬಂತು. ಕ್ರಿಸೊಸ್ತೋಮನ ಗ್ರೀಕಿಗಿಂತ ಇವರ ಗ್ರೀಕೇ ವಾಸಿ ಎಂದಾದರೆ ನಾನೇನೂ ಹೇಳಲಾರೆ.

ಕನ್ನಡಕ್ಕೆ ಇಲ್ಲಿ ಒಂದು ಕಷ್ಟವೂ ಒಂದು ಅನುಕೂಲವೂ ಇದೆ. ‘ಯೂನ್ಯನಿಗೆ’ ಎಂದೋ ‘ಯೂನ್ಯಳಿಗೆ’ ಎಂದೋ ಬರೆಯುವಾಗ ಪಕ್ಷ ಹಿಡಿಯಲೇಬೇಕು. ‘ಜೂನಿಯಾಗೆ’ ಎಂದು ತಪ್ಪಿಸಿಕೊಳ್ಳುವ ಜಾಣರೂ ಇದ್ದಾರೆ. ಆದರೆ ‘ಪ್ರೇಷಿತರು’ ಎಂಬ ಬಹುವಚನಕ್ಕೆ ಲಿಂಗದ ತಕರಾರಿಲ್ಲ. ಶಿಕ್ಷಕರು, ವೈದ್ಯರು ಎಂದಾಗ ಗಂಡಸರನ್ನಷ್ಟೇ ಎಣಿಸುತ್ತೇವೆಯೇ?

ಇನ್ನು ‘ಪಶ್ಚಾತ್ತಾಪಪಟ್ಟ ವೇಶ್ಯೆ ಮಗ್ದಲದ ಮರಿಯಳು’ ಎಂದು ಈಗಲೂ ಬರೆಯುವವರಿಗೆ ಎರಡೇ ಸಾಲು. ಲೂಕನ 7ನೇ ಅಧ್ಯಾಯದ ಹೆಸರಿಲ್ಲದ ಪಾಪಿಯನ್ನೂ ಬೆಥಾನಿಯದ ಮರಿಯಳನ್ನೂ ಇವಳನ್ನೂ ಒಟ್ಟುಗೂಡಿಸಿ ಒಬ್ಬಳೇ ಎಂದು 591ರಲ್ಲಿ ಪ್ರಬೋಧಿಸಿದ್ದು ಪೋಪ್ ಗ್ರೆಗರಿ, ಶುಭಸಂದೇಶವಲ್ಲ. ಪೂರ್ವದ ಧರ್ಮಸಭೆಗಳು ಅದನ್ನು ಒಪ್ಪಲೇ ಇಲ್ಲ, ರೋಮಿನ ಪೂಜಾಪಂಚಾಂಗವೂ 1969ರ ಪರಿಷ್ಕರಣೆಯಲ್ಲಿ ಕೈಬಿಟ್ಟಿತು.

ಹಾಗೆಂದು ಆದಿ ಕ್ರೈಸ್ತರ ಪ್ರತಿ ಹೆಣ್ಣಿಗೂ ಪ್ರೇಷಿತೆ ಎಂದು ಅಂಟಿಸುವುದೂ ಬೇಡ, ಈಚೆಗೆ ಆ ಹುರುಪೂ ಶುರುವಾಗಿದೆ. ಯೊಪ್ಪದಲ್ಲಿ ವಿಧವೆಯರಿಗೆ ಅಂಗಿ ಹೊಲಿದುಕೊಡುತ್ತಿದ್ದ ತಬಿಥಾಳಿಗೆ ಇರುವ ಪದ ‘ಮಥೇತ್ರಿಯಾ’, ಅಂದರೆ ಶಿಷ್ಯೆ. ಹೊಸ ಒಡಂಬಡಿಕೆಯಲ್ಲಿ ಆ ಸ್ತ್ರೀಲಿಂಗ ರೂಪ ಬರುವುದು ಅದೊಂದೇ ಕಡೆ. ಕರಡು ತಿದ್ದುವವರಿಗೆ ‘ಶಿಷ್ಯೆ’ ಬಳಸಲೇಬೇಕು ಎನ್ನಿಸಿದರೆ ದಯವಿಟ್ಟು ಅಲ್ಲಿ ಬಳಸಲಿ.